ಎನ್‌ಕೆ ಕೋಶಕ್ಕೆ ಕ್ಯಾನ್ಸರ್ ಯಾವುದು ಅಂತ ಹೇಗೆ ಗೊತ್ತಾಗುತ್ತದೆ?

ಪ್ರಶ್ನೆ: ನನ್ನ ಅಪ್ಪನಿಗೆ 64 ವರ್ಷ. ಲಿಂಫೋಮಾ ಅನ್ನುವ ಕ್ಯಾನ್ಸರಿಗೆ ಚಿಕಿತ್ಸೆ ನಡೆಯುತ್ತಿದೆ, ಕೀಮೋ ಜೊತೆ ರಿಟುಕ್ಸಿಮ್ಯಾಬ್ ಕೊಡುತ್ತಿದ್ದಾರೆ. ನಮ್ಮ ಮೈಯಲ್ಲೇ ಇರುವ ನ್ಯಾಚುರಲ್ ಕಿಲ್ಲರ್ (ಎನ್‌ಕೆ) ಕೋಶಗಳು ಕ್ಯಾನ್ಸರನ್ನು ತಾವಾಗಿಯೇ ಕೊಲ್ಲುತ್ತವೆ ಅಂತ ಓದಿದೆ. ಕ್ಯಾನ್ಸರ್ ಯಾವುದು, ಒಳ್ಳೆ ಕೋಶ ಯಾವುದು ಅಂತ ಅವಕ್ಕೆ ಹೇಗೆ ಗೊತ್ತಾಗುತ್ತದೆ? ಎಲ್ಲರಲ್ಲೂ ಇವು ಇದ್ದ ಮೇಲೆ ಕ್ಯಾನ್ಸರ್ ಯಾಕೆ ಬರುತ್ತದೆ? ಪರಿಚಯದವರೊಬ್ಬರು ಎನ್‌ಕೆ ಕೋಶ ಹೆಚ್ಚಿಸುವ ಪುಡಿ ಕೊಡಿ, ರಕ್ತದಲ್ಲಿ ಎನ್‌ಕೆ ಎಷ್ಟಿದೆ ಅಂತ ಟೆಸ್ಟ್ ಮಾಡಿಸಿ ಅನ್ನುತ್ತಿದ್ದಾರೆ. ಮಾಡಿಸಬೇಕಾ?

ಉತ್ತರ: ಪುಡಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೇಡ. ಆ ಟೆಸ್ಟೂ ಬೇಡ. ಯಾಕೆ ಅನ್ನುವುದು ನಿಮ್ಮ ಮೊದಲ ಪ್ರಶ್ನೆಯ ಉತ್ತರದಲ್ಲೇ ಇದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ. ಸ್ವಲ್ಪ ಉದ್ದ ಇದೆ, ಬಿಡುವಾಗಿದ್ದಾಗ ಓದಿ.

ಎನ್‌ಕೆ ಕೋಶ ಅಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ನಮ್ಮ ರಕ್ತದ ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣಗಳಲ್ಲಿ ಸುಮಾರು ಶೇ. 5ರಿಂದ 15ರಷ್ಟು ಇವೇ. ಇವುಗಳ ಸುದ್ದಿ ಹೊರಬಂದದ್ದು 1975ರ ಹೊತ್ತಿಗೆ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ರಾಲ್ಫ್ ಕೀಸ್ಲಿಂಗ್, ಇವಾ ಕ್ಲೈನ್, ಹಾನ್ಸ್ ವಿಗ್ಜೆಲ್ ಇದನ್ನು ಕಂಡರು. ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್‌ಮನ್ ಅವರ ತಂಡವೂ ಬೇರೆಯಾಗಿಯೇ ಇದನ್ನು ಕಂಡಿತು. ಇಲಿಯ ಗುಲ್ಮದಿಂದ ತೆಗೆದ ಕಣಗಳನ್ನು ರಕ್ತ ಕ್ಯಾನ್ಸರಿನ ಕೋಶಗಳ ಜೊತೆ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಆ ಕೋಶಗಳು ಸಾಯುತ್ತಿದ್ದವು. ಆ ಇಲಿಗೆ ಮೊದಲು ಆ ಕ್ಯಾನ್ಸರಿನ ಪರಿಚಯವೇ ಇರಲಿಲ್ಲ! ಆಗ ಎಲ್ಲರಿಗೂ ಗೊತ್ತಿದ್ದದ್ದು ಟಿ ಕೋಶ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳ ದಾರಿ. ಅವು ಮೊದಲು ಶತ್ರುವನ್ನು ನೋಡಬೇಕು, ಕೆಲವು ದಿನ ಸಂಖ್ಯೆ ಹೆಚ್ಚಿಸಿಕೊಳ್ಳಬೇಕು, ಆಮೇಲೆ ಕೊಲ್ಲಬೇಕು. ಏನೂ ತಯಾರಿ ಇಲ್ಲದೆ ಕೊಲ್ಲುವ ಕಣ ಇದೆ ಅಂದರೆ ನಂಬುವುದು ಕಷ್ಟವಾಗಿತ್ತು, ಹಾಗಾಗಿ ಎಷ್ಟೋ ಜನ ಇದನ್ನು ಪ್ರಯೋಗದ ದೋಷ ಅಂತಲೇ ತಿಳಿದಿದ್ದರು.

ಆದರೆ ಇದು ದೊಡ್ಡ ಒಗಟನ್ನೇ ತಂದಿಟ್ಟಿತು. ಮೊದಲು ನೋಡಿಲ್ಲ, ಕಲಿತಿಲ್ಲ, ಆದರೂ ಪಕ್ಕದ ಒಳ್ಳೆ ಕೋಶವನ್ನು ಮುಟ್ಟದೆ ಕ್ಯಾನ್ಸರ್ ಕೋಶವನ್ನೇ ಹಿಡಿಯುತ್ತದೆ. ಹೇಗೆ? ನೀವು ಕೇಳಿದ್ದೂ ಇದನ್ನೇ ಅಲ್ವಾ?

ಸುಲಭವಾಗಿ ಹೊಳೆಯುವ ಉತ್ತರ ಏನೆಂದರೆ, ಕ್ಯಾನ್ಸರ್ ಕೋಶದ ಮೇಲೆ ಏನೋ ಒಂದು ವಿಶೇಷ ಗುರುತು ಇರಬೇಕು, ಎನ್‌ಕೆ ಕೋಶದಲ್ಲಿ ಅದನ್ನು ಹಿಡಿಯುವ ಒಂದು ರಿಸೆಪ್ಟರ್, ಅಂದರೆ ಹೊರಮೈ ಮೇಲಿದ್ದು ಗುರುತು ಹಿಡಿಯುವ ಪ್ರೋಟೀನ್ ಇರಬೇಕು. ತುಂಬ ವರ್ಷ ಎಲ್ಲರೂ ಆ ಒಂದೇ ರಿಸೆಪ್ಟರನ್ನು ಹುಡುಕಿದರು. ಅದು ಸಿಗಲೇ ಇಲ್ಲ, ಯಾಕೆಂದರೆ ಅಂಥದ್ದು ಇಲ್ಲ. ಸ್ವೀಡನ್ನಿನವರೇ ಆದ ಕ್ಲಾಸ್ ಶಾರೆ ಈ ಪ್ರಶ್ನೆಯನ್ನೇ ತಿರುಗಿಸಿ ಹಾಕಿದರು. ಎನ್‌ಕೆ ಕೋಶ ನೋಡುವುದು ಇರುವುದನ್ನಲ್ಲ, ಇಲ್ಲದಿರುವುದನ್ನು ಅಂದರು.

ಏನು ಇಲ್ಲದಿರುವುದು? ನಮ್ಮ ಮೈಯ ಬಹುತೇಕ ಎಲ್ಲಾ ಕೋಶಗಳ ಹೊರಮೈ ಮೇಲೆ ಎಚ್‌ಎಲ್‌ಎ ಅನ್ನುವ ಪ್ರೋಟೀನ್‌ಗಳು ಇರುತ್ತವೆ. ಕಿಡ್ನಿ ಅಥವಾ ಬೋನ್ ಮ್ಯಾರೋ ಕಸಿಗೆ ಮುಂಚೆ ಹೊಂದಾಣಿಕೆ ನೋಡುತ್ತಾರಲ್ಲ, ಅದೇ ಎಚ್‌ಎಲ್‌ಎ. ಕೋಶದ ಒಳಗೆ ತಯಾರಾಗುವ ಪ್ರೋಟೀನ್‌ಗಳ ಚೂರುಗಳನ್ನು ಹೊರಗೆ ತಂದು ಟಿ ಕೋಶಕ್ಕೆ ತೋರಿಸುವುದು ಇದರ ಕೆಲಸ. ಒಳಗೆ ವೈರಸ್ ಇದ್ದರೆ ಅದರ ಚೂರು ಕಾಣುತ್ತದೆ, ಕ್ಯಾನ್ಸರಿನಿಂದ ಕೆಟ್ಟ ಪ್ರೋಟೀನ್ ಇದ್ದರೆ ಅದರ ಚೂರು ಕಾಣುತ್ತದೆ, ಟಿ ಕೋಶ ಕೊಲ್ಲುತ್ತದೆ. ಹಾಗಾಗಿ ಎಷ್ಟೋ ಕ್ಯಾನ್ಸರ್‌ಗಳು ಟಿ ಕೋಶದಿಂದ ತಪ್ಪಿಸಿಕೊಳ್ಳಲು ಎಚ್‌ಎಲ್‌ಎಯನ್ನೇ ಹೊರಗೆ ತರುವುದನ್ನು ನಿಲ್ಲಿಸಿಬಿಡುತ್ತವೆ. ಟಿ ಕೋಶಕ್ಕೆ ಈಗ ಅವು ಕಾಣುವುದೇ ಇಲ್ಲ. ಆದರೆ ಅದೇ ಗಳಿಗೆಯಲ್ಲಿ ಎನ್‌ಕೆ ಕೋಶಕ್ಕೆ ಸಿಕ್ಕಿಬೀಳುತ್ತವೆ! 1986ರಲ್ಲಿ ಶಾರೆ ಮತ್ತು ಸಂಗಡಿಗರು ಇದನ್ನು ಇಲಿಗಳಲ್ಲಿ ತೋರಿಸಿದರು. ಒಂದೇ ಮೂಲದ ಲಿಂಫೋಮಾ, ಎರಡು ಬಗೆ. ಒಂದರ ಮೇಲೆ ಎಚ್‌ಎಲ್‌ಎಗೆ ಸಮನಾದ ಇಲಿಯ ಪ್ರೋಟೀನ್ ಇತ್ತು, ಇನ್ನೊಂದರ ಮೇಲೆ ಅದು ಹೆಚ್ಚುಕಡಿಮೆ ಇರಲಿಲ್ಲ. ಇದ್ದದ್ದು ಇಲಿಯಲ್ಲಿ ಗಡ್ಡೆಯಾಗಿ ಬೆಳೆಯಿತು. ಇಲ್ಲದ್ದನ್ನು ಎನ್‌ಕೆ ಕೋಶಗಳು ತೆಗೆದುಹಾಕಿದವು. ರೋಗನಿರೋಧಕ ಶಾಸ್ತ್ರದಲ್ಲಿ ನನಗೆ ಅತ್ಯಂತ ಇಷ್ಟವಾದ ಪ್ರಯೋಗಗಳಲ್ಲಿ ಇದೂ ಒಂದು. ಒಂದು ಪಡೆಯಿಂದ ತಪ್ಪಿಸಿಕೊಳ್ಳುವ ಉಪಾಯವೇ ಇನ್ನೊಂದು ಪಡೆಗೆ ಸುಳಿವು ಕೊಡುತ್ತದೆ ಅನ್ನುವುದನ್ನು ಇಷ್ಟು ಸ್ಪಷ್ಟವಾಗಿ ಇನ್ಯಾವುದೂ ತೋರಿಸಿಲ್ಲ.

ಇಲ್ಲದಿರುವುದನ್ನು ನೋಡುವುದು ಅಂದರೇನು ಅಂತ ಆಮೇಲೆ ಗೊತ್ತಾಯಿತು. ಎನ್‌ಕೆ ಕೋಶದ ಮೇಲೆ ತಡೆಯುವ ರಿಸೆಪ್ಟರ್‌ಗಳಿವೆ. ಅವು ಎದುರಿನ ಕೋಶದ ಎಚ್‌ಎಲ್‌ಎಯನ್ನು ಮುಟ್ಟಿದರೆ ಒಳಗೆ ‘ಬಿಡು, ಇದು ನಮ್ಮದೇ’ ಅನ್ನುವ ಸಂಕೇತ ಹೋಗುತ್ತದೆ. ಇಲಿಯಲ್ಲಿ ಇಂಥ ರಿಸೆಪ್ಟರನ್ನು 1992ರಲ್ಲಿ ವೇನ್ ಯೊಕೊಯಾಮಾ ಅವರ ತಂಡ ತೋರಿಸಿತು. ಮನುಷ್ಯರಲ್ಲಿ ಈ ಕೆಲಸ ಮಾಡುವ ರಿಸೆಪ್ಟರ್ ಗುಂಪಿಗೆ ಕೆಐಆರ್ ಅಂತ ಹೆಸರು, ಮಾತಿನಲ್ಲಿ ‘ಕಿರ್’ ಅನ್ನುತ್ತಾರೆ. ಇಟಲಿಯ ಅಲೆಸ್ಸಾಂಡ್ರೊ ಮೊರೆಟ್ಟಾ ಮತ್ತು ಲೊರೆಂಜೊ ಮೊರೆಟ್ಟಾ ಸಹೋದರರ ಕೆಲಸ ಇದರಲ್ಲಿ ದೊಡ್ಡದು. ಕಿರ್ ಜೊತೆಗೆ ಎನ್‌ಕೆಜಿ2ಎ ಅಂತ ಇನ್ನೊಂದು ತಡೆಯುವ ರಿಸೆಪ್ಟರ್ ಇದೆ, ಅದು ಎಚ್‌ಎಲ್‌ಎ-ಇ ಅನ್ನುವ ಬಗೆಯನ್ನು ನೋಡುತ್ತದೆ. ಇದರ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಇನ್ನೊಂದು ವಿಷಯ. ಎಚ್‌ಎಲ್‌ಎ ಜೀನ್‌ಗಳು 6ನೇ ಕ್ರೋಮೋಸೋಮಿನಲ್ಲಿವೆ, ಕಿರ್ ಜೀನ್‌ಗಳು 19ನೆಯದರಲ್ಲಿ. ಎರಡೂ ತಂದೆತಾಯಿಯಿಂದ ಬೇರೆಬೇರೆಯಾಗಿ ಬರುತ್ತವೆ. ಎಚ್‌ಎಲ್‌ಎ ಪೂರ್ತಿ ಹೊಂದುವ ಅಣ್ಣತಮ್ಮಂದಿರಲ್ಲೂ ಕಿರ್ ಬೇರೆ ಇರಬಹುದು. ಹಾಗಾಗಿ ಇಬ್ಬರ ಎನ್‌ಕೆ ಕೋಶಗಳು ಒಂದೇ ರೀತಿ ನಡೆದುಕೊಳ್ಳುತ್ತವೆ ಅಂತ ಹೇಳುವ ಹಾಗಿಲ್ಲ.

ಹಾಗಾದರೆ ಎಚ್‌ಎಲ್‌ಎ ಇಲ್ಲದಿದ್ದರೆ ಸಾಕಾ, ಎನ್‌ಕೆ ಕೊಂದೇ ಬಿಡುತ್ತದಾ? ಇಲ್ಲ. ನಮ್ಮ ಕೆಂಪು ರಕ್ತಕಣಗಳನ್ನೇ ನೋಡಿ. ಅವುಗಳ ಮೇಲೆ ಎಚ್‌ಎಲ್‌ಎ ಇಲ್ಲ ಅನ್ನುವಷ್ಟು ಕಡಿಮೆ. ಎನ್‌ಕೆ ಕೋಶಗಳ ಪಕ್ಕದಲ್ಲೇ ದಿನವಿಡೀ ಹರಿಯುತ್ತಿರುತ್ತವೆ, ಏನೂ ಆಗುವುದಿಲ್ಲ. ಯಾಕೆಂದರೆ ತಡೆ ಇಲ್ಲದಿದ್ದರೆ ಸಾಲದು, ಕೆರಳಿಸುವ ಸಂಕೇತವೂ ಬೇಕು. ಎನ್‌ಕೆ ಕೋಶದ ಮೇಲೆ ಕೆರಳಿಸುವ ರಿಸೆಪ್ಟರ್‌ಗಳ ಇನ್ನೊಂದು ದೊಡ್ಡ ಗುಂಪೇ ಇದೆ. ಎದುರಿನ ಕೋಶಕ್ಕೆ ತಾಗಿ ನಿಂತಾಗ ಎರಡೂ ಕಡೆಯ ಸಂಕೇತಗಳು ಒಟ್ಟಿಗೆ ಬರುತ್ತವೆ. ತಕ್ಕಡಿ ಯಾವ ಕಡೆ ವಾಲುತ್ತದೋ ಅದರಂತೆ ತೀರ್ಮಾನ. ನನ್ನ ಇಡೀ ಉತ್ತರದಲ್ಲಿ ನೀವು ಒಂದೇ ಮಾತು ಇಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: ಎಷ್ಟು ಎನ್‌ಕೆ ಕೋಶಗಳಿವೆ ಅನ್ನುವುದಕ್ಕಿಂತ ಅವುಗಳ ರಿಸೆಪ್ಟರ್‌ಗಳಿಗೆ ಏನು ಕಾಣುತ್ತದೆ ಅನ್ನುವುದು ಮುಖ್ಯ.

ಕೆರಳಿಸುವ ರಿಸೆಪ್ಟರ್‌ಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಅರ್ಥವಾಗಿರುವುದು ಎನ್‌ಕೆಜಿ2ಡಿ. ಮೇಲೆ ಹೇಳಿದ ಎನ್‌ಕೆಜಿ2ಎ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಹೆಸರು ಹತ್ತಿರ, ಕೆಲಸ ಪೂರ್ತಿ ಉಲ್ಟಾ. ಎನ್‌ಕೆಜಿ2ಡಿ ಹಿಡಿಯುವುದು ಮಿಕಾ, ಮಿಕ್‌ಬಿ ಮತ್ತು ಯುಎಲ್‌ಬಿಪಿ ಅನ್ನುವ ಪ್ರೋಟೀನ್‌ಗಳನ್ನು. ಆರೋಗ್ಯವಾಗಿರುವ ಕೋಶಗಳ ಮೇಲೆ ಇವು ಸಾಮಾನ್ಯವಾಗಿ ಇರುವುದಿಲ್ಲ ಅಥವಾ ತುಂಬ ಕಡಿಮೆ. ಕೋಶ ಕಷ್ಟದಲ್ಲಿದ್ದಾಗ ಇವು ಮೇಲೆ ಬರುತ್ತವೆ. ಕಷ್ಟ ಅಂದರೆ ಏನು? ಮುಖ್ಯವಾಗಿ ಡಿಎನ್‌ಎಗೆ ಪೆಟ್ಟು ಬೀಳುವುದು. 2005ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಡೇವಿಡ್ ರೌಲೆ ಅವರ ತಂಡ ತೋರಿಸಿದ್ದು ಇದನ್ನೇ. ಡಿಎನ್‌ಎ ಒಡೆದಾಗ ಕೋಶದ ಒಳಗೆ ರಿಪೇರಿಗೆ ಎಚ್ಚರಿಸುವ ವ್ಯವಸ್ಥೆ ಇದೆ, ಅದೇ ವ್ಯವಸ್ಥೆ ಎನ್‌ಕೆಜಿ2ಡಿ ಹಿಡಿಯುವ ಪ್ರೋಟೀನ್‌ಗಳನ್ನೂ ಹೊರಗೆ ತರುತ್ತದೆ. ಕ್ಯಾನ್ಸರ್ ಕೋಶ ವಿಪರೀತ ವೇಗದಲ್ಲಿ ಒಡೆದು ಬೆಳೆಯುತ್ತಿರುತ್ತದೆ, ಅದರ ಡಿಎನ್‌ಎ ಯಾವಾಗಲೂ ಪೆಟ್ಟು ತಿನ್ನುತ್ತಿರುತ್ತದೆ. ಅಂದರೆ ಎನ್‌ಕೆ ಕೋಶ ಇಲ್ಲಿ ಗುರುತಿಸುತ್ತಿರುವುದು ಕ್ಯಾನ್ಸರನ್ನಲ್ಲ, ಕೋಶದ ಸಂಕಟವನ್ನು. ಮುಂದೆ 2008ರಲ್ಲಿ ಅದೇ ತಂಡ ಎನ್‌ಕೆಜಿ2ಡಿ ಇಲ್ಲದ ಇಲಿಗಳನ್ನು ತಯಾರಿಸಿ ನೋಡಿತು. ಅವುಗಳಲ್ಲಿ ಕೆಲವು ಬಗೆಯ ಗಡ್ಡೆಗಳು ಜಾಸ್ತಿ ಬಂದವು.

ಇನ್ನು ಉಳಿದವುಗಳಲ್ಲಿ ಡಿನಾಮ್-1 ಒಂದು. ಅದು ಹಿಡಿಯುವ ಪ್ರೋಟೀನ್‌ಗಳಲ್ಲಿ ಸಿಡಿ155 ಮುಖ್ಯ. ಪೋಲಿಯೋ ವೈರಸ್ ಕೋಶದ ಒಳಗೆ ನುಗ್ಗಲು ಬಳಸುವುದೂ ಇದೇ ಸಿಡಿ155! ಹಲವು ಗಡ್ಡೆಗಳ ಮೇಲೆ ಇದು ಜಾಸ್ತಿ ಇರುತ್ತದೆ. ತೊಡಕು ಏನೆಂದರೆ ಟಿಜಿಟ್ ಅನ್ನುವ ತಡೆಯುವ ರಿಸೆಪ್ಟರ್ ಕೂಡ ಇದೇ ಸಿಡಿ155ಅನ್ನು ಹಿಡಿಯುತ್ತದೆ, ಅದೂ ಇನ್ನಷ್ಟು ಗಟ್ಟಿಯಾಗಿ. ಒಂದೇ ಪ್ರೋಟೀನಿಗೆ ಎರಡು ರಿಸೆಪ್ಟರ್ ಪೈಪೋಟಿ. ಮೊರೆಟ್ಟಾ ಸಹೋದರರ ತಂಡವೇ 1990ರ ದಶಕದ ಕೊನೆಯಲ್ಲಿ ಕಂಡುಹಿಡಿದ ಎನ್‌ಕೆಪಿ46, ಎನ್‌ಕೆಪಿ44, ಎನ್‌ಕೆಪಿ30 ಅನ್ನುವ ಮೂರು ರಿಸೆಪ್ಟರ್‌ಗಳೂ ಇವೆ. ಎನ್‌ಕೆಪಿ30 ಹಿಡಿಯುವ ಬಿ7-ಎಚ್6 ಅನ್ನುವ ಪ್ರೋಟೀನ್ 2009ರಲ್ಲಿ ಸಿಕ್ಕಿತು, ಅದು ಗಡ್ಡೆಗಳ ಮೇಲೆ ಕಾಣುತ್ತದೆ, ಆರೋಗ್ಯವಂತ ಅಂಗಾಂಶದಲ್ಲಿ ಕಾಣುವುದಿಲ್ಲ ಅನ್ನಬಹುದು. ಎನ್‌ಕೆಪಿ46 ಏನನ್ನು ಹಿಡಿಯುತ್ತದೆ ಅನ್ನುವುದಕ್ಕೆ ಒಳ್ಳೆಯ ಸುಳಿವು ಸಿಕ್ಕಿದ್ದು 2023ರಲ್ಲಿ. ಕ್ಯಾಲ್‌ರೆಟಿಕ್ಯುಲಿನ್ ಅನ್ನುವ ಪ್ರೋಟೀನ್ ಮಾಮೂಲಾಗಿ ಕೋಶದ ಒಳಗಿರುತ್ತದೆ, ಕೋಶ ಸಂಕಟದಲ್ಲಿದ್ದಾಗ ಹೊರಮೈಗೆ ಬರುತ್ತದೆ, ಆಗ ಎನ್‌ಕೆಪಿ46 ಅದನ್ನು ಹಿಡಿಯುತ್ತದೆ. ಇಲ್ಲೂ ಸಂಕಟದ ಗುರುತೇ, ನೋಡಿ.

ಸುಮ್ಮನಿರುವ ಎನ್‌ಕೆ ಕೋಶಕ್ಕೆ ಇವುಗಳಲ್ಲಿ ಒಂದೇ ರಿಸೆಪ್ಟರ್ ಸಂಕೇತ ಕೊಟ್ಟರೆ ಸಾಮಾನ್ಯವಾಗಿ ಸಾಲುವುದಿಲ್ಲ. ಎರಡು ಮೂರು ಸೇರಿ ಕೆರಳಿಸಬೇಕು. ಇದು ಒಳ್ಳೆಯದೇ, ಇಲ್ಲದಿದ್ದರೆ ಸಣ್ಣ ಗಾಯವಾದಾಗಲೂ ಅವು ನಮ್ಮದೇ ಕೋಶಗಳನ್ನು ಕೊಲ್ಲುತ್ತಾ ಹೋಗುತ್ತಿದ್ದವು. ಈ ನಿಯಮಕ್ಕೆ ಒಂದು ದೊಡ್ಡ ಅಪವಾದ ಇದೆ, ಅದು ನಿಮ್ಮ ತಂದೆಯ ಚಿಕಿತ್ಸೆಗೆ ನೇರವಾಗಿ ಸಂಬಂಧಪಟ್ಟದ್ದು.

ಅದರ ಹೆಸರು ಸಿಡಿ16. ಇದು ಕ್ಯಾನ್ಸರನ್ನು ನೇರವಾಗಿ ನೋಡುವುದಿಲ್ಲ, ಆ್ಯಂಟಿಬಾಡಿಯ ಬಾಲವನ್ನು ಹಿಡಿಯುತ್ತದೆ. ರಿಟುಕ್ಸಿಮ್ಯಾಬ್ ಒಂದು ಆ್ಯಂಟಿಬಾಡಿ, ಅಂದರೆ ಒಂದು ನಿರ್ದಿಷ್ಟ ಗುರಿಗೆ ಅಂಟಿಕೊಳ್ಳುವ ಪ್ರೋಟೀನ್. ಅದರ ತಲೆಭಾಗ ಲಿಂಫೋಮಾ ಕೋಶದ ಮೇಲಿರುವ ಸಿಡಿ20 ಅನ್ನುವ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ, ಬಾಲ ಹೊರಗೆ ಚಾಚಿಕೊಂಡಿರುತ್ತದೆ. ಎನ್‌ಕೆ ಕೋಶ ಬಂದು ಸಿಡಿ16ರಿಂದ ಆ ಬಾಲಗಳನ್ನು ಹಿಡಿಯುತ್ತದೆ. ಇದೊಂದೇ ಸಾಕು, ಬೇರೆ ಸಂಕೇತಕ್ಕೆ ಕಾಯದೆ ಕೊಲ್ಲುತ್ತದೆ. ಎಚ್‌ಎಲ್‌ಎ ಇದ್ದ ಕೋಶವನ್ನೂ ಕೊಲ್ಲಬಲ್ಲದು, ಅಷ್ಟು ಬಲವಾದ ಸಂಕೇತ ಅದು. ಅಂದರೆ ನಿಮ್ಮ ತಂದೆಗೆ ಡ್ರಿಪ್ ಮೂಲಕ ಹೋಗುತ್ತಿರುವ ಔಷಧಿ ಈಗಾಗಲೇ ಅವರ ಎನ್‌ಕೆ ಕೋಶಗಳಿಗೆ ಲಿಂಫೋಮಾವನ್ನು ತೋರಿಸಿಕೊಡುತ್ತಿದೆ. ರಿಟುಕ್ಸಿಮ್ಯಾಬ್ ಬೇರೆ ದಾರಿಗಳಲ್ಲೂ ಕೆಲಸ ಮಾಡುತ್ತದೆ, ಮ್ಯಾಕ್ರೋಫೇಜ್ ಅನ್ನುವ ಬೇರೆ ಕೋಶಗಳು ನುಂಗುವುದು ಅದರಲ್ಲೊಂದು. ಆದರೆ ಬಾಲ ಹಿಡಿಯುವುದು ಮುಖ್ಯ ಅನ್ನುವುದಕ್ಕೆ ಸಾಕ್ಷಿ 2002ರಲ್ಲೇ ಬಂತು. ಸಿಡಿ16ರ ಜೀನಿನಲ್ಲಿ ಒಂದು ಜಾಗದಲ್ಲಿ ಜನರಿಂದ ಜನರಿಗೆ ವ್ಯತ್ಯಾಸವಿದೆ. ಬಾಲವನ್ನು ಗಟ್ಟಿಯಾಗಿ ಹಿಡಿಯುವ ಬಗೆ ತಂದೆತಾಯಿ ಇಬ್ಬರಿಂದಲೂ ಬಂದಿರುವವರಲ್ಲಿ, ಬರೀ ರಿಟುಕ್ಸಿಮ್ಯಾಬ್ ಕೊಟ್ಟಾಗ ಫಾಲಿಕ್ಯುಲರ್ ಅನ್ನುವ ಬಗೆಯ ಲಿಂಫೋಮಾ ಹೆಚ್ಚು ಚೆನ್ನಾಗಿ ಕರಗಿತು. ಕೀಮೋ ಜೊತೆ ಕೊಟ್ಟಾಗ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಹಾಗಾಗಿ ಆ ಜೀನ್ ಟೆಸ್ಟ್ ಮಾಡಿಸಲು ಓಡಬೇಡಿ.

ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್‌ಗೂ ಇಂಥದ್ದೇ ಬಾಲ ಇದೆ. ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಕ್ಯಾನ್‌ಮ್ಯಾಬ್ ಅನ್ನುವ ಹೆಸರಿನಲ್ಲಿ ತಂದದ್ದು ಇದೇ ಔಷಧಿಯನ್ನು. ಆದರೆ ಎಲ್ಲಾ ಆ್ಯಂಟಿಬಾಡಿಗಳಲ್ಲೂ ಎನ್‌ಕೆ ಪಾತ್ರ ಅಷ್ಟೇ ದೊಡ್ಡದು ಅಂತ ತಿಳಿಯಬಾರದು. ದೊಡ್ಡ ಕರುಳಿನ ಕ್ಯಾನ್ಸರಿಗೆ ಸೆಟುಕ್ಸಿಮ್ಯಾಬ್, ಪ್ಯಾನಿಟುಮುಮ್ಯಾಬ್ ಅಂತ ಎರಡು ಔಷಧಿಗಳಿವೆ. ಮೊದಲನೆಯದರ ಬಾಲ ಸಿಡಿ16ಕ್ಕೆ ಚೆನ್ನಾಗಿ ಸಿಗುತ್ತದೆ, ಎರಡನೆಯದರದ್ದು ಸಿಗುವುದಿಲ್ಲ. ಆದರೂ ನೇರವಾಗಿ ಹೋಲಿಸಿದಾಗ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೆಲಸ ಮಾಡಿದವು. ಅಲ್ಲಿ ಮುಖ್ಯವಾದದ್ದು ಗಡ್ಡೆ ಬೆಳೆಯುವ ಸಂಕೇತವನ್ನು ತಡೆಯುವುದು, ಎನ್‌ಕೆ ಅಲ್ಲ ಅಂತಲೇ ನನಗೆ ಅನ್ನಿಸುತ್ತದೆ.

ಕೊಲ್ಲುವ ಬಗೆಯನ್ನು ಚುಟುಕಾಗಿ ಹೇಳುತ್ತೇನೆ. ಎನ್‌ಕೆ ಕೋಶದೊಳಗೆ ಪರ್ಫೋರಿನ್ ಮತ್ತು ಗ್ರಾಂಜೈಮ್ ತುಂಬಿದ ಸಣ್ಣ ಚೀಲಗಳಿವೆ. ತೀರ್ಮಾನ ಆದ ಮೇಲೆ ಅವು ಎದುರಿನ ಕೋಶ ತಾಗಿದ ಕಡೆಗೇ ಸರಿದು, ಆ ಸಂದಿಯಲ್ಲಿ ಮಾತ್ರ ಬಾಯಿ ತೆರೆಯುತ್ತವೆ. ಪರ್ಫೋರಿನ್ ತೂತು ಮಾಡುತ್ತದೆ, ಗ್ರಾಂಜೈಮ್ ಒಳಗೆ ಹೋಗಿ ಕೋಶ ತನ್ನನ್ನೇ ಮುಗಿಸಿಕೊಳ್ಳುವ ಕಾರ್ಯಕ್ರಮವನ್ನು ಶುರು ಮಾಡಿಸುತ್ತದೆ. ಪಕ್ಕದ ಕೋಶಕ್ಕೆ ಏನೂ ಆಗುವುದಿಲ್ಲ. ಕೆಲಸ ಮುಗಿಸಿದ ಎನ್‌ಕೆ ಬಿಡಿಸಿಕೊಂಡು ಇನ್ನೊಂದರ ಕಡೆ ಹೋಗಬಲ್ಲದು.

ಈಗ ನಿಮ್ಮ ಎರಡನೇ ಪ್ರಶ್ನೆ. ಇಷ್ಟೆಲ್ಲಾ ಇದ್ದ ಮೇಲೆ ಕ್ಯಾನ್ಸರ್ ಯಾಕೆ ಬರುತ್ತದೆ? ಇದನ್ನು ಕೇಳುವ ಎಷ್ಟೋ ಮನೆಯವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ: ಅಪ್ಪನ ಮೈಯಲ್ಲಿ ಏನು ಕೊರತೆ ಇತ್ತು, ನಾವು ಊಟ ಸರಿಯಾಗಿ ನೋಡಿಕೊಳ್ಳಲಿಲ್ಲವಾ ಅಂತ. ದಯವಿಟ್ಟು ಆ ಭಾರ ಹೊತ್ತುಕೊಳ್ಳಬೇಡಿ. ನಮಗೆ ಕಾಣಿಸಿಕೊಳ್ಳುವ ಕ್ಯಾನ್ಸರ್ ಅಂದರೆ ಈ ತೀರ್ಮಾನದಿಂದ ಹೇಗೋ ನುಣುಚಿಕೊಂಡು ಉಳಿದದ್ದು. ಅದು ನುಣುಚಿಕೊಳ್ಳುವುದು ರಿಸೆಪ್ಟರ್‌ಗಳ ಮಟ್ಟದಲ್ಲೇ. ಮಿಕಾ ಪ್ರೋಟೀನ್ ಮೇಲೆ ಬಂತಲ್ಲ, ಗಡ್ಡೆಗಳು ಅದನ್ನು ಕತ್ತರಿಸಿ ಉದುರಿಸಿಬಿಡುತ್ತವೆ. ಹಾಗೆ ಉದುರಿದ ಮಿಕಾ ಕ್ಯಾನ್ಸರ್ ರೋಗಿಗಳ ರಕ್ತದಲ್ಲಿ ತೇಲುತ್ತಿರುವುದನ್ನು 2002ರಲ್ಲಿ ತೋರಿಸಿದ್ದಾರೆ. ಅದರಿಂದ ಎನ್‌ಕೆಜಿ2ಡಿ ರಿಸೆಪ್ಟರೇ ಕಡಿಮೆಯಾಗುತ್ತದೆ. ಗಡ್ಡೆಯ ಸುತ್ತ ಟಿಜಿಎಫ್-ಬೀಟಾ ಅನ್ನುವ ಪ್ರೋಟೀನ್ ಜಾಸ್ತಿ ಇದ್ದರೂ ಇದೇ ಗತಿ. ಕೆಲವು ಕ್ಯಾನ್ಸರ್‌ಗಳು ಎಚ್‌ಎಲ್‌ಎ-ಇಯನ್ನು ಮಾತ್ರ ಏರಿಸಿಕೊಂಡು ಎನ್‌ಕೆಜಿ2ಎ ಮೂಲಕ ತಡೆ ಒಡ್ಡುತ್ತವೆ. ಇನ್ನು ಗಟ್ಟಿ ಗಡ್ಡೆಗಳ ಒಳಗೆ ಎನ್‌ಕೆ ಕೋಶಗಳು ನುಗ್ಗುವುದೇ ಕಡಿಮೆ. ಇದ್ಯಾವುದೂ ಊಟದಿಂದ ಆದದ್ದಲ್ಲ.

ಎನ್‌ಕೆ ಕೋಶಗಳ ಕೆಲಸ ಬರೀ ಕ್ಯಾನ್ಸರ್ ಅಲ್ಲ ಅನ್ನುವುದೂ ನೆನಪಿರಲಿ. 1989ರಲ್ಲಿ ಎನ್‌ಕೆ ಕೋಶಗಳೇ ಇಲ್ಲದ ಒಬ್ಬ ಹುಡುಗಿಯ ವರದಿ ಪ್ರಕಟವಾಯಿತು. ಅವಳನ್ನು ಮತ್ತೆಮತ್ತೆ ಕಾಡಿದ್ದು ಹರ್ಪಿಸ್ ಗುಂಪಿನ ವೈರಸ್‌ಗಳು, ಅಮ್ಮ ಅಂತ ನಾವು ಕರೆಯುವ ಚಿಕನ್‌ಪಾಕ್ಸ್ ಕೂಡ ಅದರಲ್ಲಿತ್ತು.

ಪರಿಚಯದವರು ಹೇಳುವುದರಲ್ಲಿ ಒಂದು ಎಳೆ ನಿಜ ಇದೆ, ಅದನ್ನೂ ಹೇಳಬೇಕು. ಜಪಾನಿನ ಸೈತಾಮಾದಲ್ಲಿ 3,625 ಜನರನ್ನು 11 ವರ್ಷ ಗಮನಿಸಿದ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ರಕ್ತಕಣಗಳಿಗೆ ಈ ಸಹಜವಾದ ಕೊಲ್ಲುವ ಶಕ್ತಿ ಕಡಿಮೆ ಇದ್ದವರಲ್ಲಿ ಕ್ಯಾನ್ಸರ್ ಹೆಚ್ಚು ಕಂಡಿತು. ಗಮನಿಸಿ, ಅವರು ಅಳೆದದ್ದು ಎಣಿಕೆಯನ್ನಲ್ಲ, ಕೊಲ್ಲುವ ಶಕ್ತಿಯನ್ನು. ಅದೂ ಆರೋಗ್ಯವಾಗಿದ್ದ ಜನರಲ್ಲಿ. ಏನನ್ನಾದರೂ ತಿನ್ನಿಸಿ ಆ ಶಕ್ತಿ ಏರಿಸಿದರೆ ಇರುವ ಕ್ಯಾನ್ಸರ್ ಕರಗುತ್ತದೆ ಅಂತ ಆ ಅಧ್ಯಯನ ಹೇಳುವುದೇ ಇಲ್ಲ. ಪುಡಿ ಮಾರುವವರು ಇದನ್ನೆಲ್ಲಾ ಸೇರಿಸಿ ಒಂದೇ ಮಾತು ಮಾಡುತ್ತಾರೆ. ಕಷ್ಟದಲ್ಲಿರುವ ಮನೆಯವರ ಹತ್ತಿರ ಹೀಗೆ ಮಾಡುವುದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ.

ಲ್ಯಾಬ್‌ನಲ್ಲಿ ಕೊಡುವ ಎನ್‌ಕೆ ಎಣಿಕೆ ನಿಮ್ಮ ತಂದೆಯ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಕೀಮೋ ನಡೆಯುತ್ತಿರುವಾಗ ಬಿಳಿ ರಕ್ತಕಣಗಳೆಲ್ಲಾ ಏರಿಳಿಯುತ್ತವೆ, ರಿಟುಕ್ಸಿಮ್ಯಾಬ್ ಹೋದ ಮೇಲಂತೂ ಎನ್‌ಕೆ ಕೋಶಗಳು ಸ್ವಲ್ಪ ಹೊತ್ತು ರಕ್ತದಲ್ಲಿ ಕಡಿಮೆ ಕಾಣಬಹುದು. ಆ ಅಂಕಿ ನೋಡಿ ಗಾಬರಿಯಾಗುವುದು ಬಿಟ್ಟರೆ ಬೇರೆ ಪ್ರಯೋಜನವಿಲ್ಲ, ಅದನ್ನು ನೋಡಿ ಡಾಕ್ಟರು ಚಿಕಿತ್ಸೆ ಬದಲಾಯಿಸುವುದೂ ಇಲ್ಲ.

ರಿಸೆಪ್ಟರ್‌ಗಳನ್ನೇ ಗುರಿಯಾಗಿಸಿದ ಚಿಕಿತ್ಸೆಗಳ ಕಥೆ ಏನು ಅಂತ ಕೇಳಬಹುದು. ಮಿಶ್ರವಾಗಿದೆ. ತಡೆಯುವ ರಿಸೆಪ್ಟರನ್ನು ಮುಚ್ಚಿದರೆ ಸಾಕು ಅಂತ ತುಂಬ ಆಸೆ ಇತ್ತು. ಎನ್‌ಕೆಜಿ2ಎಯನ್ನು ಮುಚ್ಚುವ ಮೊನಾಲಿಜುಮ್ಯಾಬ್, ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನ ದೊಡ್ಡ ಪರೀಕ್ಷೆಯಲ್ಲಿ ಫಲ ಕೊಡದೆ 2022ರಲ್ಲಿ ನಿಂತಿತು. ಕಿರ್ ಮುಚ್ಚುವ ಔಷಧಿಯೂ ರಕ್ತ ಕ್ಯಾನ್ಸರಿನಲ್ಲಿ ನಿರೀಕ್ಷಿಸಿದಷ್ಟು ಕೆಲಸ ಮಾಡಲಿಲ್ಲ. ಬರೀ ತಡೆ ತೆಗೆದರೆ ಸಾಲದು, ಕೆರಳಿಸುವುದೂ ಬೇಕು ಅನ್ನುವುದು ಇಲ್ಲೂ ನಿಜವಾಯಿತು ಅಂತ ನನ್ನ ಅಭಿಪ್ರಾಯ. ನನಗೆ ಹೆಚ್ಚು ಭರವಸೆ ಇರುವುದು ಕಾರ್-ಎನ್‌ಕೆ ಮೇಲೆ. ಹೊಕ್ಕುಳಬಳ್ಳಿಯ ರಕ್ತದಿಂದ ತೆಗೆದ ಎನ್‌ಕೆ ಕೋಶಕ್ಕೆ, ಲಿಂಫೋಮಾದ ಸಿಡಿ19 ಪ್ರೋಟೀನನ್ನು ನೇರವಾಗಿ ಹಿಡಿಯುವ ಹೊಸ ರಿಸೆಪ್ಟರನ್ನೇ ಜೋಡಿಸುವುದು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ರೆಜ್ವಾನಿ ಅವರ ತಂಡ 2020ರಲ್ಲಿ 11 ರೋಗಿಗಳ ಫಲಿತಾಂಶ ಕೊಟ್ಟಿತು. ಎಂಟು ಜನರಲ್ಲಿ ಕೆಲಸ ಮಾಡಿತು, ಏಳು ಜನರಲ್ಲಿ ಕ್ಯಾನ್ಸರಿನ ಗುರುತು ಪೂರ್ತಿ ಮಾಯವಾಯಿತು. ಟಿ ಕೋಶಕ್ಕೆ ಇದೇ ರೀತಿ ಹೊಸ ರಿಸೆಪ್ಟರ್ ಜೋಡಿಸುವ ಕಾರ್-ಟಿ ಚಿಕಿತ್ಸೆಯಲ್ಲಿ ಹೆದರಿಸುವ ತೀವ್ರ ಜ್ವರ, ಮೆದುಳಿನ ತೊಂದರೆಗಳು ಕಾಣಲಿಲ್ಲ. ಆಮೇಲೆ 37 ಜನರ ಫಲಿತಾಂಶ ಬಂದಾಗ ಸುಮಾರು ಅರ್ಧದಷ್ಟು ಜನರಲ್ಲಿ ಕೆಲಸ ಮಾಡಿತ್ತು. ಇದು ಇನ್ನೂ ಸಂಶೋಧನೆಯ ಹಂತದ್ದು. ನಮ್ಮಲ್ಲಿ ಲಿಂಫೋಮಾ ಮರಳಿ ಬಂದವರಿಗೆ ಅನುಮತಿ ಇರುವುದು ಕಾರ್-ಟಿಗೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರಿನಲ್ಲಿ ಅನುಮತಿ ಸಿಕ್ಕಿತು. ಅದು ಟಿ ಕೋಶದ ಚಿಕಿತ್ಸೆ, ಎನ್‌ಕೆ ಅಲ್ಲ. ಯಾರಾದರೂ ದುಡ್ಡು ತಗೊಂಡು ಎನ್‌ಕೆ ಕೋಶಗಳನ್ನೇ ಡ್ರಿಪ್‌ನಲ್ಲಿ ಕೊಡುತ್ತೇವೆ ಅಂದರೆ ಒಪ್ಪಬೇಡಿ. ನಿಜವಾದ ಪರೀಕ್ಷೆಯಾದರೆ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದರ ನಂಬರ್ ಇರುತ್ತದೆ, ಪರೀಕ್ಷಿಸುತ್ತಿರುವ ಔಷಧಿಗೆ ರೋಗಿಯಿಂದ ದುಡ್ಡು ಕೇಳುವುದಿಲ್ಲ.

ಪುಡಿ ಬೇಡ ಅನ್ನಲು ಇನ್ನೊಂದು ಗಟ್ಟಿ ಕಾರಣ ಇದೆ. ರಿಟುಕ್ಸಿಮ್ಯಾಬ್ ಪಡೆಯುವವರಲ್ಲಿ ಹಳೆಯ ಹೆಪಟೈಟಿಸ್ ಬಿ ಸೋಂಕು ಇದ್ದರೆ ಅದು ಮತ್ತೆ ಏಳಬಹುದು, ಲಿವರಿಗೆ ಅಪಾಯ ಮಾಡಬಹುದು. ಅದಕ್ಕೇ ಶುರು ಮಾಡುವ ಮೊದಲು ಎಚ್‌ಬಿಎಸ್‌ಎಜಿ ಮತ್ತು ಆ್ಯಂಟಿ-ಎಚ್‌ಬಿಸಿ ಅನ್ನುವ ಎರಡು ರಕ್ತಪರೀಕ್ಷೆ ಮಾಡುತ್ತಾರೆ, ಮಧ್ಯೆ ಮಧ್ಯೆ ಲಿವರ್ ಟೆಸ್ಟ್ ನೋಡುತ್ತಾರೆ. ಏನೇನು ಬೆರೆತಿದೆ ಅಂತ ಗೊತ್ತಿಲ್ಲದ ಗಿಡಮೂಲಿಕೆ ಪುಡಿಯಿಂದ ಲಿವರ್ ಅಂಕಿ ಏರಿದರೆ, ಏರಿದ್ದು ವೈರಸ್ಸಿನಿಂದಲೋ, ಕೀಮೋದಿಂದಲೋ, ಪುಡಿಯಿಂದಲೋ ಅಂತ ಡಾಕ್ಟರಿಗೆ ತಿಳಿಯುವುದಿಲ್ಲ. ಅಷ್ಟರಲ್ಲಿ ಮುಂದಿನ ಸುತ್ತಿನ ಚಿಕಿತ್ಸೆ ತಡವಾಗುತ್ತದೆ. ಅಂದರೆ ಎನ್‌ಕೆ ಕೋಶಕ್ಕೆ ಲಿಂಫೋಮಾವನ್ನು ತೋರಿಸುತ್ತಿರುವ ಔಷಧಿಯೇ ತಡವಾಗುತ್ತದೆ.

ಮುಂದಿನ ಸಲ ಹೋದಾಗ ಹೆಪಟೈಟಿಸ್ ಬಿಯ ಆ ಎರಡು ಟೆಸ್ಟ್ ಆಗಿದೆಯಾ ಅಂತ ಕೇಳಿ, ಫೈಲಿನಲ್ಲಿ ರಿಪೋರ್ಟ್ ಇದೆಯಾ ನೋಡಿ. ಅಪ್ಪನಿಗೆ ಸುಸ್ತು ಇಲ್ಲದ ದಿನ ಡಾಕ್ಟರನ್ನು ಕೇಳಿಕೊಂಡು ಸ್ವಲ್ಪ ನಡೆಯಲಿ. ಇಲಿಗಳಲ್ಲಿ ಓಟದಿಂದ ಎನ್‌ಕೆ ಕೋಶಗಳು ಗಡ್ಡೆಯೊಳಗೆ ಹೆಚ್ಚು ಹೋಗಿ ಗಡ್ಡೆಯ ಬೆಳವಣಿಗೆ ಕಡಿಮೆಯಾದದ್ದು 2016ರಲ್ಲಿ ಕಂಡಿದೆ. ಮನುಷ್ಯರಿಗೆ ಅದನ್ನೇ ಹಾಗೇ ಹೇಳಲಾಗದು, ಆದರೆ ನಡೆದರೆ ಸುಸ್ತು ಕಡಿಮೆಯಾಗುತ್ತದೆ, ನಿದ್ದೆ ಬರುತ್ತದೆ. ಜ್ವರ 100.4 ದಾಟಿದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಫೋನ್ ಮಾಡಿ. ಪುಡಿ ಈಗಾಗಲೇ ಶುರು ಮಾಡಿದ್ದರೆ ಮುಚ್ಚಿಡಬೇಡಿ, ಡಬ್ಬಿ ಸಮೇತ ತೆಗೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ.